ನಮೂನೆ ಎಲ್ಲರದು, ಕೆಲಸ ಯಾರದು?

ತೆಂಕುತಿಟ್ಟು ಯಕ್ಷಗಾನದ ಒಂದು ಕಿರೀಟ ಒಬ್ಬರ ಕೈಯಲ್ಲೇ ಮುಗಿಯುವುದು ಅಪರೂಪ. ಹಗುರವಾದ ಮರವನ್ನು ಕೆತ್ತಿ ಆಕಾರಕ್ಕೆ ತರುವವರು ಒಬ್ಬರು, ಬೇಗಡೆ ಅಂಟಿಸಿ ಕನ್ನಡಿ ಚೂರು ಮತ್ತು ಮಣಿ ಕೂರಿಸುವವರು ಇನ್ನೊಬ್ಬರು, ಅದರ ಜೊತೆಗೆ ತೊಡುವ ದಗಲೆ (ಮೇಲಂಗಿ) ಹೊಲಿಯುವವರು ಮತ್ತೊಬ್ಬರು. ಕಟ್ಟುವ ಹಗ್ಗ ತಲೆಗೆ ಒತ್ತುತ್ತದೆಯೇ, ಕುಣಿಯುವಾಗ ಕಿರೀಟ ವಾಲುತ್ತದೆಯೇ ಎಂದು ಹೇಳಬೇಕಾದವರು ವೇಷಧಾರಿ. ಇಷ್ಟು ಜನರ ಕೈ ಸೇರಿದ ವಸ್ತುವನ್ನು ನೋಡಿ ಮತ್ತೊಬ್ಬರು ಅಂಥದ್ದೇ ಒಂದನ್ನು ಮಾಡಿಕೊಂಡರೆ ಅದು ಕಲಿಕೆಯೋ ಕಳವೋ? ಸಿನಿಮಾದಲ್ಲಿ ಕಂಡ ಶಿರಸ್ತ್ರಾಣ, ಕತ್ತಿ, ಮುಖವಾಡಗಳ ಪ್ರತಿಕೃತಿ ಮಾಡುವ ಹವ್ಯಾಸಿಗಳನ್ನು ಜಗತ್ತಿನಾದ್ಯಂತ ಕಾಡುವ ಪ್ರಶ್ನೆಯೂ ಇದೇ. ಪುತ್ತೂರು, ಸುಳ್ಯ, ಕಡಬದ ಕಡೆ ಈ ಪ್ರಶ್ನೆಗೆ ಸಿನಿಮಾಕ್ಕಿಂತ ಹಳೆಯ ಚರಿತ್ರೆಯಿದೆ.

ಪೆಟ್ಟಿಗೆಯೊಳಗೆ ಇರುವುದು

ತೆಂಕುತಿಟ್ಟಿನ ವೇಷದ ಪೆಟ್ಟಿಗೆ ತೆರೆದರೆ ಕಿರೀಟ, ಭುಜಕೀರ್ತಿ, ಎದೆಕಟ್ಟು, ಕರ್ಣಪತ್ರ, ತೋಳ್ಕಟ್ಟು, ಕೈಕಟ್ಟು, ಸೊಂಟಪಟ್ಟಿ, ಗೆಜ್ಜೆಗಳು ಸಿಗುತ್ತವೆ. ರಾಜವೇಷಕ್ಕೆ ಒಂದು ಬಗೆಯ ಕಿರೀಟ, ಪುಂಡುವೇಷಕ್ಕೆ ಪಗಡಿ, ರಾಕ್ಷಸರ ಬಣ್ಣದ ವೇಷಕ್ಕೆ ತಲೆಯ ಹಿಂದೆ ದೊಡ್ಡ ವರ್ತುಲವಾಗಿ ಹರಡಿಕೊಳ್ಳುವ ಕೇಸರಿತಟ್ಟಿ. ಬಣ್ಣದ ವೇಷದ ಮುಖದ ಮೇಲೆ ಅಕ್ಕಿಹಿಟ್ಟು ಮತ್ತು ಸುಣ್ಣ ಕಲಸಿದ ಚುಟ್ಟಿಯನ್ನು ಸಾಲುಸಾಲಾಗಿ ಇಡಬೇಕು. ಅದು ವೇಷಧಾರಿಯೇ ಚೌಕಿಯಲ್ಲಿ (ಬಣ್ಣದ ಮನೆಯಲ್ಲಿ) ಗಂಟೆಗಟ್ಟಲೆ ಕೂತು ಮಾಡುವ ಕೆಲಸ. ಕಿರೀಟವನ್ನು ಬಾಡಿಗೆಗೆ ತರಬಹುದು, ಚುಟ್ಟಿಯನ್ನು ತರಲಾಗುವುದಿಲ್ಲ.

ಇಡೀ ಪೆಟ್ಟಿಗೆಯನ್ನು ಸ್ವಂತಕ್ಕೆ ಮಾಡಿಸಿಕೊಳ್ಳುವುದು ವೃತ್ತಿಮೇಳಗಳಿಗೆ ಸಾಧ್ಯ. ಊರಿನ ಹವ್ಯಾಸಿ ಸಂಘಕ್ಕೆ ಅದು ಭಾರ. ಹಗಲು ಶಾಲೆಯಲ್ಲಿ ಪಾಠ ಹೇಳುವವರು, ಬ್ಯಾಂಕಿನಲ್ಲಿ ಲೆಕ್ಕ ಬರೆಯುವವರು, ಅಡಿಕೆ ತೋಟ ನೋಡಿಕೊಳ್ಳುವವರು ವರ್ಷಕ್ಕೆ ಕೆಲವು ಆಟ ಆಡುವ ಸಂಘಗಳು ವೇಷಭೂಷಣವನ್ನು ಬಾಡಿಗೆಗೆ ತರುವುದೇ ವಾಡಿಕೆ. ವೇಷಭೂಷಣದವರು ಪೆಟ್ಟಿಗೆಯ ಜೊತೆಗೆ ಕಟ್ಟುವ ಸಹಾಯಕರನ್ನೂ ಕಳಿಸುತ್ತಾರೆ. ಯಾವ ಹಗ್ಗ ಎಲ್ಲಿ ಬಿಗಿಯಬೇಕು ಎಂಬ ಜ್ಞಾನ ಆ ಕೈಗಳಲ್ಲಿ ಇರುತ್ತದೆ.

ಕೂಡಿ ಮಾಡುವುದು

ಕೈಯಲ್ಲಿ ಕಸುಬಿನ ಚಟವಿರುವ ಹವ್ಯಾಸಿ ಬಾಡಿಗೆಗೇ ನಿಲ್ಲುವುದಿಲ್ಲ. ಮೊದಲು ಒಂದು ಜೊತೆ ಕೈಕಟ್ಟು, ಆಮೇಲೆ ಎದೆಕಟ್ಟು, ಕೊನೆಗೆ ಕಿರೀಟ ಎಂಬ ಕ್ರಮದಲ್ಲಿ ಸ್ವಂತ ಸಾಮಾನು ಬೆಳೆಯುತ್ತದೆ. ನಮೂನೆ ಬೇಕಾದಾಗ ಹಳೆಯ ವಸ್ತುವನ್ನು ಕಾಗದದ ಮೇಲಿಟ್ಟು ಗೆರೆ ಎಳೆದುಕೊಳ್ಳುವುದು, ಫೋಟೋ ನೋಡಿ ಅಳತೆ ಊಹಿಸುವುದು, ಬಲ್ಲವರನ್ನು ಕೇಳಿ ತಿದ್ದಿಕೊಳ್ಳುವುದು ರೂಢಿ. ಮರ ಸಿಗದ ಕಡೆ ರಟ್ಟು, ಥರ್ಮೋಕೋಲ್, ಫೋಮ್ ಶೀಟ್ ಬಂದಿವೆ. ಶಾಲಾ ವಾರ್ಷಿಕೋತ್ಸವದ ಮಕ್ಕಳಿಗೆ ಫೋಮಿನ ಕಿರೀಟ ಸಾಕು. ರಾತ್ರಿಯಿಡೀ ಕುಣಿಯುವ ವೇಷಕ್ಕೆ ಅದು ತಡೆಯದು.

ಇಲ್ಲಿನ ಸಹಕಾರಕ್ಕೆ ಬರೆದ ಕರಾರು ಇಲ್ಲ. ಒಬ್ಬರ ಮನೆಯ ಅಚ್ಚು ಇನ್ನೊಬ್ಬರ ಮನೆಗೆ ಹೋಗುತ್ತದೆ, ಮಣಿ ತರಲು ಮಂಗಳೂರಿಗೆ ಹೊರಟವರು ನಾಲ್ಕು ಜನರ ಪಟ್ಟಿ ಹಿಡಿದು ಹೋಗುತ್ತಾರೆ, ಒಂದು ಸಂಘದ ಭುಜಕೀರ್ತಿ ಇನ್ನೊಂದು ಸಂಘದ ಆಟಕ್ಕೆ ಎರವಲು ಸಿಗುತ್ತದೆ. ಪ್ರತಿಫಲ ಹಣವಾಗಿ ಬರುವುದಕ್ಕಿಂತ ತಿರುಗಿ ಸಿಗುವ ಸಹಾಯವಾಗಿ ಬರುವುದೇ ಹೆಚ್ಚು.

ನಕಲಿನಿಂದಲೇ ಬೆಳೆದ ಕಲೆ

ಪರಂಪರೆಯ ವಸ್ತುಗಳಲ್ಲೂ ಎರವಲು ಬಹಳ. ತೆಂಕುತಿಟ್ಟಿನ ಕಿರೀಟಕ್ಕೂ ಕೇರಳದ ಕಥಕಳಿಯ ಕಿರೀಟಕ್ಕೂ ಇರುವ ಹೋಲಿಕೆ ಯಾರ ಕಣ್ಣಿಗೂ ಬೀಳುತ್ತದೆ. ಕಂಪನಿ ನಾಟಕಗಳು ಜನಪ್ರಿಯವಾದ ಮೇಲೆ ಅವುಗಳ ವೆಲ್ವೆಟ್ಟು ಮತ್ತು ಜರಿ ಯಕ್ಷಗಾನದ ಚೌಕಿಗೂ ಬಂದವು. ತೆಂಕಿನಲ್ಲಿ ಒಂದು ವೇಷವರ್ಗಕ್ಕೆ ‘ನಾಟಕೀಯ ವೇಷ’ ಎಂಬ ಹೆಸರೇ ಉಳಿದಿದೆ. ಹೀಗಾಗಿ ‘ಇದು ನಮ್ಮದೇ ನಮೂನೆ’ ಎಂದು ಒಬ್ಬರು ಹೇಳಿದರೆ, ಅದಕ್ಕೂ ಹಿಂದಿನ ನಮೂನೆಯೊಂದನ್ನು ಇನ್ನೊಬ್ಬರು ತೋರಿಸಬಲ್ಲರು.

ಜಗಳ ಹುಟ್ಟುವ ಜಾಗಗಳು

ಜಗಳ ಸಾಮಾನ್ಯವಾಗಿ ನಾಲ್ಕು ಕಡೆ ಹುಟ್ಟುತ್ತದೆ. ಮೊದಲನೆಯದು ಹೆಸರು. ಕೆತ್ತಿದವರನ್ನು ಬಿಟ್ಟು ಬೇಗಡೆ ಅಂಟಿಸಿದವರಿಗಷ್ಟೇ ಶಾಲು ಹೊದಿಸಿದರೆ ಅಥವಾ ಫೋಟೋದ ಕೆಳಗೆ ಒಬ್ಬರದೇ ಹೆಸರು ಬಂದರೆ ಮನಸ್ಸು ಮುರಿಯುತ್ತದೆ. ಎರಡನೆಯದು ವ್ಯಾಪಾರ. ಸ್ನೇಹಕ್ಕಾಗಿ ಕೊಟ್ಟ ಅಚ್ಚಿನಿಂದ ಹತ್ತು ಕಿರೀಟ ಮಾಡಿ ಮಾರಿದರೆ, ಕೊಟ್ಟವರಿಗೆ ಮೋಸವಾದಂತೆ ಅನಿಸುತ್ತದೆ. ಮೂರನೆಯದು ಎರವಲು. ಕೊಟ್ಟ ಸಾಮಾನು ಹಲ್ಲು ಮುರಿದು, ಮಣಿ ಉದುರಿ ಹಿಂದೆ ಬಂದಾಗ ದುರಸ್ತಿಯ ಖರ್ಚು ಯಾರದು ಎಂಬುದು ಇತ್ಯರ್ಥವಾಗದೆ ಉಳಿಯುತ್ತದೆ. ನಾಲ್ಕನೆಯದು ಕ್ರಮ. ಹೊಸ ಬಣ್ಣ, ಹೊಸ ಆಕಾರ ತಂದವರಿಗೆ ‘ಇದು ತಿಟ್ಟಿಗೆ ಹೊಂದುವುದಿಲ್ಲ’ ಎಂಬ ಮಾತು ಕೇಳಿಬರುತ್ತದೆ.

ಸಿನಿಮಾ ಸಾಮಗ್ರಿಯ ಪ್ರತಿಕೃತಿ ಮಾಡುವವರಲ್ಲಿ ಎರಡನೆಯ ಬಗೆಯ ತಪ್ಪಿಗೆ ಪ್ರತ್ಯೇಕ ಹೆಸರೇ ಇದೆ: ರೀಕಾಸ್ಟಿಂಗ್. ಒಬ್ಬರು ತಿಂಗಳುಗಟ್ಟಲೆ ತಿದ್ದಿ ಮಾಡಿದ ಮುಖವಾಡವನ್ನು ಇನ್ನೊಬ್ಬರು ಕೊಂಡು, ಅದರ ಮೇಲೆ ಸಿಲಿಕೋನ್ ಸುರಿದು ಅಚ್ಚು ತೆಗೆದು, ಅಪ್ಪಣೆಯಿಲ್ಲದೆ ಎರಕ ಹೊಯ್ದು ಮಾರುವುದು. ಮೂಲ ಸಿನಿಮಾದ ನಮೂನೆ ಇಬ್ಬರದೂ ಅಲ್ಲ. ಆದರೂ ಹವ್ಯಾಸಿಗಳ ನಡುವೆ ಅದು ದೊಡ್ಡ ಅಪರಾಧ. ಕದ್ದದ್ದು ಆಕಾರವನ್ನಲ್ಲ, ದುಡಿಮೆಯನ್ನು ಎಂಬುದು ಅವರ ವಾದ.

ಸಲ್ಲದ ನಕಲು

ದೈವಾರಾಧನೆಯ ವಸ್ತುಗಳಿಗೆ ಬಂದರೆ ನಿಯಮವೇ ಬೇರೆ. ಭೂತಕೋಲದಲ್ಲಿ ದೈವ ಕಟ್ಟುವ ಹಕ್ಕು ನಲಿಕೆ, ಪರವ, ಪಂಬದ ಸಮುದಾಯಗಳದು. ತೆಂಗಿನ ಎಳೆಗರಿಯ ಸಿರಿ ಆಯಾ ಕೋಲಕ್ಕೆ ಹೊಸದಾಗಿ ಸಿದ್ಧವಾಗುತ್ತದೆ. ಲೋಹದ ಮೊಗ, ಕಡ್ಸಲೆ (ಕತ್ತಿ), ಗಂಟೆಗಳು ಭಂಡಾರದಲ್ಲಿ ಇರುತ್ತವೆ; ಕಾಲಿಗೆ ಗಗ್ಗರ ಏರುವುದಕ್ಕೂ ವಿಧಿಯಿದೆ. ಯಕ್ಷಗಾನದ ಕಿರೀಟವನ್ನು ಆಸೆಪಟ್ಟವರೆಲ್ಲ ಮಾಡಿಕೊಳ್ಳಬಹುದು, ದೈವದ ಮೊಗವನ್ನು ಹಾಗೆ ಮಾಡಿಕೊಳ್ಳುವಂತಿಲ್ಲ ಎಂಬುದು ತುಳುನಾಡಿನಲ್ಲಿ ಹೇಳದೆಯೇ ಗೊತ್ತಿದ್ದ ಗೆರೆ.

2022ರ ಸೆಪ್ಟೆಂಬರ್ 30ರಂದು ರಿಷಬ್ ಶೆಟ್ಟಿ ನಿರ್ದೇಶನದ ‘ಕಾಂತಾರ’ ತೆರೆಗೆ ಬಂದ ಮೇಲೆ ಆ ಗೆರೆ ಮಸುಕಾಯಿತು. ಪಂಜುರ್ಲಿ, ಗುಳಿಗ ದೈವಗಳನ್ನು ತೆರೆಯ ಮೇಲೆ ಕಂಡವರಿಗೆ ಅದು ಸಿನಿಮಾದ ವೇಷವಾಗಿಯೂ ಕಂಡಿತು. ಛದ್ಮವೇಷ ಸ್ಪರ್ಧೆ, ಮೆರವಣಿಗೆ, ರೀಲ್ಸ್‌ಗಳಲ್ಲಿ ಅನುಕರಣೆ ಹೆಚ್ಚಿತು, ತುಳುನಾಡಿನಿಂದ ಆಕ್ಷೇಪವೂ ಬಂತು. 2025ರ ಅಕ್ಟೋಬರ್ 2ರಂದು ‘ಕಾಂತಾರ: ಅಧ್ಯಾಯ 1’ ಬಿಡುಗಡೆಯಾದ ಮೇಲೆ ನಿರ್ಮಾಣ ಸಂಸ್ಥೆ ಹೊಂಬಾಳೆ ಫಿಲ್ಮ್ಸ್ ದೈವದ ಪಾತ್ರಗಳನ್ನು ಅನುಕರಿಸಬೇಡಿ ಎಂದು ಜನರಲ್ಲಿ ಕೇಳಿಕೊಂಡಿತು. ಇಲ್ಲಿ ವಿವಾದ ನಮೂನೆಯ ಒಡೆತನದ್ದಲ್ಲ, ಬಳಸುವ ಅಧಿಕಾರದ್ದು.

ಕೋರ್ಟಿಗೆ ಹೋದ ಯಕ್ಷಗಾನ

ಕೂಡಿ ಕಟ್ಟಿದ ಕಲೆಯ ಮೇಲೆ ಒಬ್ಬರ ಹಕ್ಕು ಎಷ್ಟು ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೂ ಹೋದದ್ದುಂಟು. ಅದರ ಮೂಲದಲ್ಲಿ ಇರುವವರು ಪುತ್ತೂರಿನ ಬಾಲವನದಲ್ಲಿ ದಶಕಗಳ ಕಾಲ ನೆಲೆಸಿದ್ದ ಶಿವರಾಮ ಕಾರಂತರು. ‘ಯಕ್ಷಗಾನ ಬಯಲಾಟ’ ಗ್ರಂಥಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಅವರು ಮುಂದೆ ರಾಗ, ತಾಳ, ರಂಗಸಜ್ಜಿಕೆ, ವೇಷಭೂಷಣಗಳಲ್ಲಿ ಮಾರ್ಪಾಟು ತಂದು ಯಕ್ಷಗಾನ ಬ್ಯಾಲೆಯನ್ನು ರೂಪಿಸಿದರು. ಭಾಗವತರು, ಮದ್ದಳೆಗಾರರು, ವೇಷಧಾರಿಗಳು ಕೂಡಿದ ಕೆಲಸ ಅದು. ಕಲ್ಪನೆ ಮತ್ತು ನಿರ್ದೇಶನ ಕಾರಂತರದು.

1994ರ ಉಯಿಲಿನಲ್ಲಿ ಕಾರಂತರು ತಮ್ಮ ಕೃತಿಗಳ ಹಕ್ಕನ್ನು ಆಪ್ತ ಸಹಾಯಕಿಯಾಗಿದ್ದ ಲೇಖಕಿ ಮಾಲಿನಿ ಮಲ್ಯ ಅವರಿಗೆ ಬಿಟ್ಟರು. ಕಾರಂತರು 1997ರ ಡಿಸೆಂಬರ್ 9ರಂದು ತೀರಿಕೊಂಡರು. 2001ರ ಸೆಪ್ಟೆಂಬರಿನಲ್ಲಿ ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ನವದೆಹಲಿಯಲ್ಲಿ ‘ಅಭಿಮನ್ಯು ವಧೆ’ಯನ್ನು ಅನುಮತಿಯಿಲ್ಲದೆ ಪ್ರದರ್ಶಿಸಿತೆಂದು ಮಲ್ಯ ದಾವೆ ಹೂಡಿದರು. ಕೆಳಗಿನ ನ್ಯಾಯಾಲಯಗಳು ಅವರ ಪರವಾಗಿ ತಡೆಯಾಜ್ಞೆ ಕೊಟ್ಟವು.

2009ರ ಜನವರಿ 23ರಂದು ಸುಪ್ರೀಂ ಕೋರ್ಟು ಆ ಹಕ್ಕನ್ನು ಒಪ್ಪಿತು. ಆದರೆ ತಡೆಯಾಜ್ಞೆಗೆ ಮಿತಿ ಹಾಕಿತು. ಕೃತಿಸ್ವಾಮ್ಯ ಕಾಯಿದೆಯ 52ನೇ ಕಲಮು ಬಿಟ್ಟುಕೊಟ್ಟಿರುವ ಬಳಕೆಗಳಿಗೆ ಅದು ಅನ್ವಯಿಸುವುದಿಲ್ಲ ಎಂದಿತು. ಶಿಕ್ಷಣ ಸಂಸ್ಥೆ ಆ ಕಲಮಿನ ಚೌಕಟ್ಟಿನೊಳಗೆ ಆಡಿಸಿದರೆ, ಹವ್ಯಾಸಿ ಸಂಘ ಹಣ ಕೊಡದ ಪ್ರೇಕ್ಷಕರ ಮುಂದೆ ಆಡಿದರೆ ಹಕ್ಕಿನ ಉಲ್ಲಂಘನೆ ಆಗದು. ಊರಿನ ಶಾಲೆ ಮತ್ತು ಸಂಘಗಳಿಗೆ ತೀರ್ಪಿನ ಮುಖ್ಯ ಭಾಗ ಇದೇ. ಟಿಕೆಟ್ ಇಟ್ಟ ಆಟ ಮತ್ತು ಬಯಲಲ್ಲಿ ಪುಕ್ಕಟೆ ಆಡಿದ ಆಟ ಕಾನೂನಿನ ಕಣ್ಣಿನಲ್ಲಿ ಒಂದೇ ಅಲ್ಲ.

ಶಿರಸ್ತ್ರಾಣದ ತೀರ್ಪು

ಆ ಮೊಕದ್ದಮೆ ಪ್ರದರ್ಶನದ್ದಾಯಿತು. ವಸ್ತುವಿನ ವಿಷಯದಲ್ಲಿ ಹೆಸರಾದದ್ದು ಬ್ರಿಟನ್ನಿನ ಮೊಕದ್ದಮೆ. 1977ರ ‘ಸ್ಟಾರ್ ವಾರ್ಸ್’ ಚಿತ್ರದ ಸೈನಿಕರ ಬಿಳಿ ಶಿರಸ್ತ್ರಾಣವನ್ನು ರಾಲ್ಫ್ ಮೆಕ್ವಾರಿ ಚಿತ್ರದಲ್ಲಿ ಕಲ್ಪಿಸಿದರು, ನಿಕ್ ಪೆಂಬರ್ಟನ್ ಜೇಡಿಮಣ್ಣಿನಲ್ಲಿ ರೂಪಿಸಿದರು, ಆಂಡ್ರ್ಯೂ ಏನ್ಸ್‌ವರ್ತ್ ಪ್ಲಾಸ್ಟಿಕ್ಕಿನಲ್ಲಿ ಮಾಡಿದರು. 2004ರಲ್ಲಿ ಏನ್ಸ್‌ವರ್ತ್ ಅದರ ಪ್ರತಿಕೃತಿಗಳನ್ನು ಮಾರತೊಡಗಿದಾಗ ಲೂಕಾಸ್‌ಫಿಲ್ಮ್ ಕೋರ್ಟಿಗೆ ಹೋಯಿತು. 2006ರಲ್ಲಿ ಅಮೆರಿಕದ ನ್ಯಾಯಾಲಯವೊಂದು 2 ಕೋಟಿ ಡಾಲರ್ ಪರಿಹಾರ ವಿಧಿಸಿತು. ಬ್ರಿಟನ್ನಿನ ಸುಪ್ರೀಂ ಕೋರ್ಟು 2011ರ ಜುಲೈಯಲ್ಲಿ, ಶಿರಸ್ತ್ರಾಣ ಶಿಲ್ಪವಲ್ಲ, ಸಿನಿಮಾ ಮಾಡಲು ಬೇಕಾದ ಸಾಧನ, ಆದ್ದರಿಂದ ಶಿಲ್ಪಕ್ಕೆ ಸಿಗುವ ದೀರ್ಘಾವಧಿಯ ರಕ್ಷಣೆ ಅದಕ್ಕಿಲ್ಲ ಎಂದಿತು. ಅಮೆರಿಕದ ಕೃತಿಸ್ವಾಮ್ಯ ಉಲ್ಲಂಘಿಸಿದ ದೂರನ್ನು ಮಾತ್ರ ಬ್ರಿಟನ್ನಿನಲ್ಲೇ ವಿಚಾರಿಸಬಹುದು ಎಂದೂ ಹೇಳಿತು. ಒಂದೇ ವಸ್ತುವಿಗೆ ಎರಡು ದೇಶಗಳಲ್ಲಿ ಎರಡು ಹಣೆಬರಹ.

ಭಾರತದ ಕಾನೂನು

ಭಾರತದ 1957ರ ಕೃತಿಸ್ವಾಮ್ಯ ಕಾಯಿದೆ ಕಲಾತ್ಮಕ ಕರಕೌಶಲದ ಕೃತಿಯನ್ನೂ ಕಲಾಕೃತಿ ಎಂದೇ ಎಣಿಸುತ್ತದೆ. ರಕ್ಷಣೆಯ ಅವಧಿ ಕರ್ತೃವಿನ ಆಯುಷ್ಯ ಮತ್ತು ಆಮೇಲಿನ 60 ವರ್ಷ. ಆದರೆ 15ನೇ ಕಲಮಿನ ಪ್ರಕಾರ, ವಿನ್ಯಾಸವಾಗಿ ನೋಂದಾಯಿಸಬಹುದಾಗಿದ್ದನ್ನು ನೋಂದಾಯಿಸದೆ, ಒಡೆಯರು ತಾವೇ ಅಥವಾ ಅವರ ಅನುಮತಿ ಪಡೆದವರು ಕೈಗಾರಿಕಾ ವಿಧಾನದಲ್ಲಿ 50ಕ್ಕಿಂತ ಹೆಚ್ಚು ಪ್ರತಿ ಮಾಡಿದರೆ ಆ ವಿನ್ಯಾಸದ ಕೃತಿಸ್ವಾಮ್ಯ ಮುಗಿಯುತ್ತದೆ. 2000ದ ವಿನ್ಯಾಸ ಕಾಯಿದೆಯಡಿ ನೋಂದಾಯಿಸಿದರೆ 10 ವರ್ಷದ ರಕ್ಷಣೆ, ಅದನ್ನು ಇನ್ನೂ 5 ವರ್ಷ ವಿಸ್ತರಿಸಬಹುದು. ನೋಂದಣಿಗೆ ವಿನ್ಯಾಸ ಹೊಸದಾಗಿರಬೇಕು. ತಲೆಮಾರುಗಳಿಂದ ಚೌಕಿಯಲ್ಲಿ ತೂಗಿದ ಕೇಸರಿತಟ್ಟಿಯ ಆಕಾರವನ್ನು ಯಾರೂ ತಮ್ಮದೆಂದು ಬರೆಸಿಕೊಳ್ಳಲಾಗದು. ಅದರ ಮೇಲೆ ಒಬ್ಬರು ಸ್ವಂತವಾಗಿ ಕಟ್ಟಿದ ಹೊಸ ಚಿತ್ತಾರಕ್ಕೆ ಮಾತ್ರ ಹಕ್ಕು ಕೇಳಬಹುದು.

ಮಾತಿನಲ್ಲಿ ಮುಗಿಯುವುದು

ಹವ್ಯಾಸಿಗಳ ಹೆಚ್ಚಿನ ತಕರಾರು ಕೋರ್ಟಿನ ಮೆಟ್ಟಿಲು ಹತ್ತುವಷ್ಟು ದೊಡ್ಡದಲ್ಲ, ಸುಮ್ಮನೆ ಮರೆಯುವಷ್ಟು ಸಣ್ಣದೂ ಅಲ್ಲ. ಅವು ಮುಗಿಯುವುದು ಮೊದಲೇ ಆಡಿದ ಮಾತಿನಿಂದ. ಅಚ್ಚು ಕೊಡುವಾಗ ಅದು ಸ್ವಂತ ಬಳಕೆಗೋ ಮಾರಾಟಕ್ಕೋ ಎಂದು ಹೇಳುವುದು, ಎರವಲು ಕೊಡುವ ಮುಂಚೆ ಮಣಿ ಎಷ್ಟು, ಹಲ್ಲು ಎಷ್ಟು ಎಂದು ಇಬ್ಬರೂ ನೋಡಿ ಫೋಟೋ ಇಟ್ಟುಕೊಳ್ಳುವುದು, ಆಮಂತ್ರಣ ಪತ್ರಿಕೆಯಲ್ಲಿ ಕೆತ್ತಿದವರ, ಹೊಲಿದವರ, ಕಟ್ಟಿದವರ ಹೆಸರನ್ನು ಭಾಗವತರ ಹೆಸರಿನಷ್ಟೇ ಸ್ಪಷ್ಟವಾಗಿ ಹಾಕುವುದು, ಇಷ್ಟರಲ್ಲಿ ಬಹುಪಾಲು ಜಗಳದ ಬೇರು ಕಿತ್ತುಹೋಗುತ್ತದೆ. ಆಕಾರ ಪರಂಪರೆಯದ್ದಾದರೂ ಅದನ್ನು ಈ ಬಾರಿ ಮರದಿಂದ ಬಿಡಿಸಿದ ಕೈ ಒಬ್ಬರದು. ಆ ಕೈಯ ಹೆಸರನ್ನು ಬಿಡದೆ ಹೇಳುವ ಕಡೆ ನಕಲು ಕಲಿಕೆಯಾಗಿ ಉಳಿಯುತ್ತದೆ.