ಮಂಗಳನ ಅಂಗಳದಲ್ಲಿ ಮೆಮೊರಿಯ ಬರ!

2004ರ ಜನವರಿ 4ರಂದು ಅಮೆರಿಕದ ‘ಸ್ಪಿರಿಟ್’ ರೋವರ್ ಮಂಗಳ ಗ್ರಹದ ಗುಸೆವ್ ಕುಳಿಯಲ್ಲಿ ಸುರಕ್ಷಿತವಾಗಿ ಇಳಿಯಿತು. ಎರಡು ವಾರ ಎಲ್ಲವೂ ಸುಗಮ. ಜನವರಿ 21ರಂದು ಇದ್ದಕ್ಕಿದ್ದಂತೆ ಅದರ ಮಾತು ನಿಂತಿತು. ಚಕ್ರ ಮುರಿದಿರಲಿಲ್ಲ, ಬ್ಯಾಟರಿ ಕೆಟ್ಟಿರಲಿಲ್ಲ. ಕೋಟ್ಯಂತರ ಕಿಲೋಮೀಟರ್ ದೂರದಲ್ಲಿ ಅದರ ಗಣಕ ಮಾತ್ರ ನಿಲ್ಲುವುದು, ಮತ್ತೆ ಮೊದಲಿನಿಂದ ಶುರುವಾಗುವುದು, ಪುನಃ ನಿಲ್ಲುವುದು ನಡೆದಿತ್ತು. ಹೀಗೆ 60ಕ್ಕೂ ಹೆಚ್ಚು ಬಾರಿ!

ತಂತ್ರಜ್ಞರು ಹುಡುಕಿದಾಗ ಸಿಕ್ಕಿದ ಕಾರಣ ತೀರ ಸರಳವಾಗಿತ್ತು. ಮೆಮೊರಿ ಹಂಚಿಕೆಯ ಲೆಕ್ಕ ತಪ್ಪಿತ್ತು. ರೋವರ್‌ನಲ್ಲಿ ಕಡತಗಳನ್ನು ಇಡಲು 256 ಮೆಗಾಬೈಟ್ ಫ್ಲಾಶ್ ಮೆಮೊರಿ, ಕೆಲಸ ಮಾಡಲು 128 ಮೆಗಾಬೈಟ್ ಕಾರ್ಯ ಮೆಮೊರಿ ಇದ್ದವು. ಫ್ಲಾಶ್‌ನಲ್ಲಿರುವ ಕಡತಗಳ ಪಟ್ಟಿಯನ್ನು ತಂತ್ರಾಂಶವು ಕಾರ್ಯ ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತಿತ್ತು. ಕಡತಗಳು ಹೆಚ್ಚಿದಂತೆ ಪಟ್ಟಿಯೂ ಬೆಳೆಯಿತು. ತನ್ನ ಪಾಲು ಮುಗಿದ ಮೇಲೆ ಕಡತ ನಿರ್ವಹಣೆಯ ತಂತ್ರಾಂಶ ಎಲ್ಲರಿಗೂ ಸೇರಿದ ಪಾಲಿಗೆ ಕೈ ಹಾಕಿತು. ಹಾಗೆ ಮಾಡಲು ಅದಕ್ಕೆ ಅನುಮತಿಯೂ ಇತ್ತು! ಕಡೆಗೆ ಅಲ್ಲಿಯೂ ಜಾಗ ಸಿಗಲಿಲ್ಲ, ಗಣಕ ನಿಂತಿತು. ಪುನಃ ಶುರುವಾದಾಗ ಮತ್ತದೇ ಪಟ್ಟಿ, ಮತ್ತದೇ ಕೊರತೆ.

ಫ್ಲಾಶ್ ಮೆಮೊರಿಯನ್ನು ಮುಟ್ಟದೆ ಶುರುವಾಗುವಂತೆ ಭೂಮಿಯಿಂದ ಆದೇಶ ಕಳುಹಿಸಿ, ಬೇಡದ ಕಡತಗಳನ್ನು ಅಳಿಸಿದ ಮೇಲೆ ಫೆಬ್ರುವರಿಯಲ್ಲಿ ಸ್ಪಿರಿಟ್ ಚೇತರಿಸಿಕೊಂಡಿತು. ಮಂಗಳನ 90 ದಿನಗಳಿಗೆಂದು ಹೋದ ಯಂತ್ರ 2010ರವರೆಗೆ ದುಡಿಯಿತು.

ಜಾಗವಿದ್ದೂ ಜಾಗವಿಲ್ಲ

ತಂತ್ರಾಂಶ ಕೆಲಸ ಮಾಡುವಾಗ ಅದಕ್ಕೆ ಆಗಾಗ ಮೆಮೊರಿ ಬೇಕಾಗುತ್ತದೆ. ಸಿ ಭಾಷೆಯಲ್ಲಿ ‘ಮ್ಯಾಲಾಕ್’ ಎಂದು ಕೇಳಿದರೆ ಜಾಗ ಸಿಗುತ್ತದೆ. ‘ಫ್ರೀ’ ಎಂದರೆ ಅದು ವಾಪಸಾಗುತ್ತದೆ. ಈ ಕೊಡುಕೊಳ್ಳುವಿಕೆಯನ್ನು ನೋಡಿಕೊಳ್ಳುವ ಭಾಗವೇ ಮೆಮೊರಿ ಹಂಚಿಕೆದಾರ.

ಇದರಲ್ಲಿ ಕಷ್ಟವೇನು? ಒಂದೇ ಸಾಲಿನಲ್ಲಿ 10 ಕುರ್ಚಿಗಳಿವೆ, ಹತ್ತರಲ್ಲಿಯೂ ಜನ ಕುಳಿತಿದ್ದಾರೆ ಎಂದುಕೊಳ್ಳಿ. ಒಬ್ಬರನ್ನು ಬಿಟ್ಟು ಒಬ್ಬರು ಎದ್ದುಹೋದರೆ 5 ಕುರ್ಚಿಗಳು ಖಾಲಿ. ಆದರೆ ಅಕ್ಕಪಕ್ಕ ಕೂರಬೇಕೆಂದು ಬಂದ ತಾಯಿ ಮಗುವಿಗೆ ಜಾಗವಿಲ್ಲ! ಕುಳಿತವರನ್ನು ಸರಿಸೋಣವೆಂದರೆ ಸಿ ಭಾಷೆಯಲ್ಲಿ ಅದಕ್ಕೆ ಅವಕಾಶವಿಲ್ಲ. ಏಕೆಂದರೆ ತಂತ್ರಾಂಶ ಆಗಲೇ ಆ ವಿಳಾಸವನ್ನು ಬರೆದುಕೊಂಡಿರುತ್ತದೆ. ಒಟ್ಟು ಮೆಮೊರಿ ಸಾಕಷ್ಟಿದ್ದರೂ ಚೂರುಚೂರಾಗಿ ಉಪಯೋಗಕ್ಕೆ ಬಾರದಂತಾಗುವ ಈ ಸ್ಥಿತಿ, ಅಣ್ಣತಮ್ಮಂದಿರ ನಡುವೆ ತುಂಡಾದ ಜಮೀನಿನಂತೆ.

ಸ್ವಂತ ಹಂಚಿಕೆ

ಮ್ಯಾಲಾಕ್‌ಗೆ ಯಾರು, ಯಾವಾಗ, ಎಷ್ಟು ಕೇಳುತ್ತಾರೆಂಬುದು ಮೊದಲೇ ತಿಳಿಯದು. ಆದರೆ ತಂತ್ರಾಂಶ ಬರೆಯುವವನಿಗೆ ತನ್ನ ಅಗತ್ಯ ತಿಳಿದಿರುತ್ತದೆ. ಆ ತಿಳಿವಳಿಕೆಯ ಆಧಾರದ ಮೇಲೆ ಸ್ವಂತ ಹಂಚಿಕೆಯ ಲೈಬ್ರರಿಯನ್ನು ಕಟ್ಟಬಹುದು.

ಶಾಲಾ ಪ್ರಯೋಗಗಳಲ್ಲಿ ಬಳಸುವ ‘ಆರ್ಡುಯಿನೊ ಯುನೊ’ ಫಲಕವನ್ನೇ ನೋಡಿ. ಅದರ ಕಾರ್ಯ ಮೆಮೊರಿ ಕೇವಲ 2 ಕಿಲೋಬೈಟ್, ಅಂದರೆ 2048 ಬೈಟ್. ವಿದ್ಯಾರ್ಥಿಯೊಬ್ಬಳು ಅದರಲ್ಲಿ ಉಷ್ಣತೆಯ ವಿವರಗಳನ್ನು ದಾಖಲಿಸಬೇಕು, ಒಂದೊಂದು ದಾಖಲೆಗೂ 32 ಬೈಟ್ ಬೇಕು ಎಂದಿಟ್ಟುಕೊಳ್ಳಿ. ಅವಳು ಮೊದಲೇ 640 ಬೈಟ್ ಕಾದಿರಿಸಿ, 20 ಸಮಾನ ಮನೆಗಳಾಗಿ ಭಾಗಿಸಬಹುದು. ಖಾಲಿ ಮನೆಯಲ್ಲಿ ಹೇಗೂ ಏನೂ ಇರುವುದಿಲ್ಲ. ಹಾಗಾಗಿ ಅದರೊಳಗೇ ಮುಂದಿನ ಖಾಲಿ ಮನೆಯ ವಿಳಾಸವನ್ನು ಬರೆದಿಟ್ಟರೆ ಬೇರೆ ಲೆಕ್ಕದ ಪುಸ್ತಕವೇ ಬೇಡ! ಕೇಳಿದಾಗ ಸಾಲಿನ ಮೊದಲ ಮನೆಯನ್ನು ಕೊಡುವುದು, ಹಿಂದಿರುಗಿದಾಗ ಸಾಲಿನ ಮೊದಲಿಗೇ ಸೇರಿಸುವುದು. ಹುಡುಕಾಟವಿಲ್ಲ. ಎಲ್ಲ ಮನೆಗಳೂ ಒಂದೇ ಅಳತೆಯವಾದ್ದರಿಂದ ಚೂರಾಗುವ ಭಯವೂ ಇಲ್ಲ. ಇಪ್ಪತ್ತೊಂದನೆಯ ದಾಖಲೆ ಬಂದರೆ ‘ಇಲ್ಲ’ ಎಂಬ ಸ್ಪಷ್ಟ ಉತ್ತರ. ಇತರರ ಪಾಲಿಗೆ ಕೈ ಹಾಕುವ ಪ್ರಶ್ನೆಯೇ ಬಾರದು. ಇದನ್ನು ‘ಪೂಲ್’ ಎನ್ನುತ್ತಾರೆ.

ಇನ್ನೊಂದು ವಿಧಾನ ‘ರೀಜನ್’. ಇದು ಮದುವೆಮನೆಯ ಪಂಕ್ತಿಯಂತೆ. ಎಲೆಗಳನ್ನು ಸಾಲಾಗಿ ಹಾಕುತ್ತಾ ಹೋಗುವುದು, ಪಂಕ್ತಿ ಎದ್ದ ಮೇಲೆ ಎಲ್ಲವನ್ನೂ ಒಟ್ಟಿಗೆ ತೆಗೆಯುವುದು. ಒಂದೊಂದನ್ನೇ ಹಿಂದಿರುಗಿಸುವ ತಾಪತ್ರಯವಿಲ್ಲ. ಆದರೆ ಒಬ್ಬರು ಇನ್ನೂ ಉಣ್ಣುತ್ತಿದ್ದರೆ ಇಡೀ ಸಾಲು ಕಾಯಬೇಕು. ಅಲ್ಲಿಯವರೆಗೆ ಜಾಗ ವ್ಯರ್ಥ.

ಅಳೆಯದೆ ನಂಬಬಾರದು

ಹಾಗಾದರೆ ಸ್ವಂತ ಹಂಚಿಕೆ ಯಾವಾಗಲೂ ವೇಗವೇ? ಹಾಗೆಂದೇ ಬಹುಕಾಲ ನಂಬಲಾಗಿತ್ತು. 2002ರಲ್ಲಿ ಎಮರಿ ಬರ್ಗರ್, ಬೆಂಜಮಿನ್ ಝೋರ್ನ್, ಕ್ಯಾಥರಿನ್ ಮೆಕಿನ್ಲಿ ಎಂಬ ಮೂವರು ಸಂಶೋಧಕರು ಈ ನಂಬಿಕೆಯನ್ನು ಪರೀಕ್ಷೆಗೆ ಒಡ್ಡಿದರು. ಸ್ವಂತ ಹಂಚಿಕೆಯಿದ್ದ 8 ತಂತ್ರಾಂಶಗಳನ್ನು ಆಯ್ದು, ಅವುಗಳ ಹಂಚಿಕೆಯನ್ನು ಡಗ್ ಲೀ ಎಂಬುವರು 1987ರಲ್ಲಿ ಬರೆಯಲಾರಂಭಿಸಿದ ಸಾಮಾನ್ಯ ಹಂಚಿಕೆದಾರನೊಡನೆ ಹೋಲಿಸಿದರು. ಎಂಟರಲ್ಲಿ ಆರು ಕಡೆ ಸಾಮಾನ್ಯ ಹಂಚಿಕೆದಾರನೇ ಸರಿಸಮನಾಗಿ ಅಥವಾ ಇನ್ನೂ ಚೆನ್ನಾಗಿ ಕೆಲಸ ಮಾಡಿತು! ನಿಜವಾದ ಲಾಭ ಕಂಡದ್ದು ರೀಜನ್ ಬಳಸಿದ ಎರಡರಲ್ಲಿ ಮಾತ್ರ. ಅಲ್ಲಿಯೂ ಮೆಮೊರಿ ಹೆಚ್ಚು ವ್ಯಯವಾಗುವ ಅಪಾಯವಿತ್ತು. ಶ್ರಮಪಟ್ಟು ಬರೆದದ್ದೆಲ್ಲ ವೇಗವಾಗಿರಬೇಕೆಂದೇನೂ ಇಲ್ಲ.

ಅಪಾಯ ವೇಗಕ್ಕಷ್ಟೇ ಸೀಮಿತವಲ್ಲ. 2014ರ ಏಪ್ರಿಲ್‌ನಲ್ಲಿ ‘ಹಾರ್ಟ್‌ಬ್ಲೀಡ್’ ದೋಷ ಬಯಲಾಯಿತು. ಅಂತರಜಾಲದ ವ್ಯವಹಾರವನ್ನು ಗುಟ್ಟಾಗಿಡುವ ‘ಓಪನ್ ಎಸ್ಎಸ್ಎಲ್’ ತಂತ್ರಾಂಶವು ಕೇಳಿದವರು ಹೇಳಿದ ಅಳತೆಯನ್ನು ಪರಿಶೀಲಿಸದೆ ನಂಬುತ್ತಿತ್ತು. ಒಂದು ಸಲಕ್ಕೆ 64 ಕಿಲೋಬೈಟ್‌ನಷ್ಟು ಇತರರ ಮಾಹಿತಿ ಹೊರಗೆ ಸೋರಬಹುದಾಗಿತ್ತು. ಆ ತಂತ್ರಾಂಶ ವೇಗಕ್ಕಾಗಿ ಬಿಡುಗಡೆಯಾದ ಮೆಮೊರಿಯನ್ನು ತನ್ನದೇ ಸಾಲಿನಲ್ಲಿ ಇಟ್ಟುಕೊಳ್ಳುತ್ತಿತ್ತು. ದೋಷಕ್ಕೆ ಮೂಲ ಇದಲ್ಲ. ಆದರೆ ಇಂಥ ತಪ್ಪುಗಳನ್ನು ಹಿಡಿಯಲು ಕೆಲವು ಗಣಕ ವ್ಯವಸ್ಥೆಗಳಲ್ಲಿದ್ದ ಕಾವಲನ್ನು ಈ ಸ್ವಂತ ಸಾಲು ತಪ್ಪಿಸಿಬಿಟ್ಟಿತ್ತು.

ಕಲಿಯುವವರಿಗೆ

ಇಷ್ಟಾದರೂ ಸ್ವಂತ ಹಂಚಿಕೆಯ ಲೈಬ್ರರಿಯೊಂದನ್ನು ಬರೆದು ನೋಡುವುದು ವಿದ್ಯಾರ್ಥಿಗಳಿಗೆ ಉತ್ತಮ ಅಭ್ಯಾಸ. ಕಾಗದದ ಮೇಲೆ 20 ಚೌಕಗಳನ್ನು ಎಳೆದು ಕೊಡುವುದು, ಪಡೆಯುವುದನ್ನು ಮೊದಲು ಕೈಯಲ್ಲೇ ಆಡಿ ನೋಡಬೇಕು. ಒಂದೇ ಮನೆಯನ್ನು ಎರಡು ಬಾರಿ ಹಿಂದಿರುಗಿಸಿದರೆ ಏನಾಗುತ್ತದೆ? ಅದು ಸಾಲಿನಲ್ಲಿ ಎರಡು ಸಲ ಸೇರಿ, ಒಂದೇ ಸೀಟಿಗೆ ಇಬ್ಬರಿಗೆ ಟಿಕೆಟ್ ಕೊಟ್ಟಂತಾಗುತ್ತದೆ. ಕೊಟ್ಟ ಮನೆಗಳೆಷ್ಟು, ಬಂದ ಮನೆಗಳೆಷ್ಟು ಎಂಬ ಎಣಿಕೆ ಕೊನೆಯಲ್ಲಿ ತಾಳೆಯಾಗಲೇಬೇಕು. ಕಡೆಗೆ ಮ್ಯಾಲಾಕ್‌ನೊಡನೆ ಹೋಲಿಸಿ ಸಮಯವನ್ನು ಅಳೆಯಬೇಕು. ಸೋತರೆ ಅದೂ ಒಂದು ಫಲಿತಾಂಶವೇ.

‘ದಿನವಿಡೀ ಕಂಪ್ಯೂಟರ್ ಮುಂದೆ ಕೂತು ಮಗ ಮಾಡುವುದೇನು?’ ಎಂದು ಕೇಳುವ ತಂದೆತಾಯಿಗಳು ಆ ಚೌಕಗಳ ಹಾಳೆಯನ್ನು ಒಮ್ಮೆ ನೋಡಬೇಕು. ಅಲ್ಲಿರುವುದು ಮನೆಯ ಖರ್ಚಿನ ಲೆಕ್ಕದಂಥದೇ ಲೆಕ್ಕ. ಸ್ಪಿರಿಟ್ ಇಳಿದ ಎರಡು ವರ್ಷಗಳ ನಂತರ, 2006ರಲ್ಲಿ, ಅದನ್ನು ರೂಪಿಸಿದ ಜೆಟ್ ಪ್ರೊಪಲ್ಷನ್ ಪ್ರಯೋಗಾಲಯದ ಜೆರಾರ್ಡ್ ಹೋಲ್ಜ್‌ಮನ್ ಪ್ರಾಣ–ಯಂತ್ರಗಳ ಸುರಕ್ಷತೆಗೆ ಸಂಬಂಧಿಸಿದ ತಂತ್ರಾಂಶಗಳಿಗೆ 10 ನಿಯಮಗಳನ್ನು ಪ್ರಕಟಿಸಿದರು. ಮೂರನೆಯ ನಿಯಮ: ಬೇಕಾದ ಮೆಮೊರಿಯನ್ನು ಆರಂಭದಲ್ಲೇ ಪಡೆಯಬೇಕು, ನಡುವೆ ಮತ್ತೆ ಕೇಳಬಾರದು. ನಮ್ಮ ಹಿರಿಯರು ಗಣಕವನ್ನು ಕಾಣದೆಯೇ ಇದನ್ನು ಹೇಳಿದ್ದರು: ಹಾಸಿಗೆ ಇದ್ದಷ್ಟು ಕಾಲು ಚಾಚು!