ಶಾಲೆಯ ಬಾಗಿಲಲ್ಲಿ ಬೇಡುವುದೇಕೆ?

2012ರ ಮಳೆಗಾಲ. ನಾವು ಮುಂಬಯಿಯಲ್ಲಿ ಹೋಟೇಲಿನ ಗಲ್ಲಾದಲ್ಲಿ ಕುಳಿತಿದ್ದ ಕಾಲ. ನಮ್ಮಲ್ಲಿ ದೋಸೆಯ ಕಾವಲಿಗೆ ನಿಲ್ಲುತ್ತಿದ್ದವನೊಬ್ಬನು ಊರಿನಿಂದ ಹೆಂಡತಿ ಮಕ್ಕಳನ್ನು ಕರೆತಂದನು. ಮಗಳಿಗೆ ಒಂಬತ್ತು ವರ್ಷ. ಸಮೀಪದ ಅನುದಾನಿತ ಶಾಲೆಯವರು, ಊರ ಶಾಲೆಯ ವರ್ಗಾವಣೆ ಪತ್ರವಿಲ್ಲವೆಂದು ಅವಳನ್ನು ಹಿಂದಕ್ಕೆ ಕಳುಹಿಸಿದರು. “ಧಣಿಗಳೇ, ತಾವೊಂದು ಮಾತು ಹೇಳಿದರೆ ಸೇರಿಸಿಕೊಂಡಾರು” ಎಂದು ಅವನು ಕೈಮುಗಿದನು. ನಾವು ಹೋಗಿ ಬೇಡಿಕೊಂಡೆವು, ಫಲವಾಗಲಿಲ್ಲ. ಹುಡುಗಿಯ ಒಂದು ವರ್ಷ ಖೋಲಿಯಲ್ಲಿ ತಮ್ಮನನ್ನು ಆಡಿಸುವುದರಲ್ಲಿ ಕಳೆಯಿತು.

ಬೇಡಿದುದೇ ನಮ್ಮ ತಪ್ಪು. ಅದು ಆ ಮಗುವಿನ ಹಕ್ಕಾಗಿತ್ತೆಂಬುದನ್ನು ನಾವು ಆಗ ಅರಿತಿರಲಿಲ್ಲ.

ಹದಿನಾಲ್ಕು ವರ್ಷದೊಳಗಿನ ಮಕ್ಕಳೆಲ್ಲರಿಗೂ ಹತ್ತು ವರ್ಷಗಳೊಳಗೆ ಉಚಿತ ಹಾಗೂ ಕಡ್ಡಾಯ ಶಿಕ್ಷಣ ದೊರಕಿಸಲು ರಾಜ್ಯವು ಯತ್ನಿಸಬೇಕೆಂದು 1950ರ ಸಂವಿಧಾನದ 45ನೆಯ ವಿಧಿ ಹೇಳಿತ್ತು. 1960 ಬಂದಿತು, ಹೋಯಿತು. ಅದು ನಿರ್ದೇಶಕ ತತ್ತ್ವ ಮಾತ್ರವಾಗಿದ್ದುದರಿಂದ ನ್ಯಾಯಾಲಯದಲ್ಲಿ ಕೇಳುವಂತಿರಲಿಲ್ಲ. 2002ರ 86ನೆಯ ತಿದ್ದುಪಡಿಯು ಆರರಿಂದ ಹದಿನಾಲ್ಕು ವಯಸ್ಸಿನವರ ಶಿಕ್ಷಣವನ್ನು ಮೂಲಭೂತ ಹಕ್ಕನ್ನಾಗಿ ಮಾಡಿತು. ಅದನ್ನು ಕಾರ್ಯಗತಗೊಳಿಸುವ 2009ರ ಶಿಕ್ಷಣ ಹಕ್ಕು ಕಾಯ್ದೆಯು 2010ರ ಏಪ್ರಿಲ್ 1ರಂದು ಜಾರಿಗೆ ಬಂದಿತು.

ಈ ಕಾಯ್ದೆಯಲ್ಲಿ ‘ಕಡ್ಡಾಯ’ವೆಂಬ ಮಾತು ಮುಖ್ಯವಾಗಿ ಸರಕಾರವನ್ನೇ ಕಟ್ಟಿಹಾಕುತ್ತದೆ. ಮಗುವನ್ನು ಶಾಲೆಗೆ ಸೇರಿಸುವುದು, ಅದು ತಪ್ಪದೆ ಬರುವಂತೆ ನೋಡಿಕೊಳ್ಳುವುದು, ಎಂಟನೆಯ ತರಗತಿಯವರೆಗೆ ಮುಗಿಸುವಂತೆ ಮಾಡುವುದು, ಇವೆಲ್ಲ ಸರಕಾರದ ಹೊಣೆ. ವಲಸೆ ಬಂದ ಕುಟುಂಬಗಳ ಮಕ್ಕಳ ಪ್ರವೇಶವನ್ನು ಸ್ಥಳೀಯ ಸಂಸ್ಥೆಯೇ ಖಚಿತಪಡಿಸಬೇಕೆಂದು 9ನೆಯ ಕಲಮು ಸ್ಪಷ್ಟವಾಗಿ ವಿಧಿಸಿದೆ. ಪರರಾಜ್ಯದಿಂದ ಬಂದ ಮಗುವೂ ಸರಕಾರಿ ಅಥವಾ ಅನುದಾನಿತ ಶಾಲೆಗೆ ವರ್ಗವಾಗಬಹುದು. ವರ್ಗಾವಣೆ ಪತ್ರ ತಡವಾಯಿತೆಂದು ಪ್ರವೇಶ ನಿರಾಕರಿಸಲಾಗದೆಂದು 5ನೆಯ ಕಲಮು ಹೇಳುತ್ತದೆ. ವಯಸ್ಸಿನ ದಾಖಲೆಯಿಲ್ಲವೆಂದು ತಿರಸ್ಕರಿಸಲಾಗದೆಂಬುದು 14ನೆಯ ಕಲಮು. ಓದು ನಿಂತ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿ, ಹಿಂದುಳಿದುದನ್ನು ವಿಶೇಷ ಪಾಠದಿಂದ ತುಂಬಿಕೊಡಬೇಕು.

ತಂದೆತಾಯಿಗಳಿಗೂ ಹೊಣೆಯುಂಟು. ಊರಿನಿಂದ ಮಕ್ಕಳನ್ನು ಕರೆತಂದವರು ‘ಮುಂದಿನ ವರ್ಷ ನೋಡೋಣ’ ಎನ್ನಬಾರದು. ಶಾಲೆಯವರು ಒಲ್ಲೆವೆಂದರೆ ಸ್ಥಳೀಯ ಸಂಸ್ಥೆಗೆ, ಮುಂಬಯಿಯಲ್ಲಾದರೆ ಮಹಾನಗರಪಾಲಿಕೆಗೆ, ಲಿಖಿತ ದೂರು ಕೊಡಬೇಕು. ಮೂರು ತಿಂಗಳೊಳಗೆ ಅದು ತೀರ್ಮಾನವಾಗಬೇಕೆಂದು 32ನೆಯ ಕಲಮು ಹೇಳುತ್ತದೆ.

ಕಚೇರಿಗಳಲ್ಲಿ ದುಡಿಯುವ ನಮ್ಮ ಗುಮಾಸ್ತ ಬಂಧುಗಳಲ್ಲಿ ಒಂದು ಬಿನ್ನಹ. ಹೋಟೇಲಿನಲ್ಲಿ ದುಡಿಯುವ ನೆರೆಯವನಿಗೆ ಅರ್ಜಿ ಬರೆಯಲು ಬಾರದಿರಬಹುದು. ತಾವು ಅರ್ಧ ಗಂಟೆ ಕುಳಿತು, ಕಲಮುಗಳ ಸಂಖ್ಯೆ ಸಹಿತ ಬರೆದುಕೊಡಿ. ಧಣಿಯ ಮಗುವಿಗೆ ತೆರೆಯುವ ಬಾಗಿಲು ಮಾಣಿಯ ಮಗುವಿಗೂ ತೆರೆಯಬೇಕು. ಅದನ್ನು ತೆರೆಸುವುದು ಸರಕಾರದ ಕರ್ತವ್ಯ, ತಟ್ಟುವುದು ನಮ್ಮದು.