ನೆರೆ ಇಳಿದ ಮೇಲೆ ನೆಂಟರ ಮನೆಗೆ

ಮಲೆನಾಡಿನವರಾದ ನಾವು ಮಳೆಯನ್ನು ಬಲ್ಲವರೆಂದು ಹೆಮ್ಮೆಪಡುವುದುಂಟು. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ಸುಮಾರು 300 ಅಂಗುಲ ಮಳೆ ಬೀಳುವುದು. ಹೊಸನಗರದ ಕಡೆಯ ಹುಲಿಕಲ್ಲೂ ಮಳೆಗೆ ಹೆಸರಾದುದೇ. ಆದರೂ ನಮ್ಮ ಹೆಂಚಿನ ಮನೆಗಳು ನಿಂತೇ ಇರುವುವು. ಹೀಗಿರಲು, 2017ನೆಯ ಇಸವಿ ಆಗಸ್ಟ್ ಕೊನೆಯಲ್ಲಿ ಅಮೆರಿಕದ ಹ್ಯೂಸ್ಟನ್ ನಗರ ಮಳೆಯಿಂದಲೇ ಮುಳುಗಿತೆಂದು ಕೇಳಿದಾಗ, ಅಲ್ಲಿ ಮಕ್ಕಳು ಮೊಮ್ಮಕ್ಕಳಿರುವ ಹಿರಿಯರಿಗೆ ಎರಡು ಪ್ರಶ್ನೆಗಳು ಹುಟ್ಟುವುದು ಸಹಜ. ಅಂಥ ಸಿರಿವಂತ ನಗರ ಮುಳುಗಿದುದೇಕೆ? ನಾವು ಕೂಡಲೆ ಹೊರಟು ಅವರನ್ನು ನೋಡಬೇಡವೆ?

ಮೊದಲನೆಯದನ್ನು ವಿಚಾರಿಸೋಣ. ಹಾರ್ವೆ ಎಂಬ ಹೆಸರಿನ ಚಂಡಮಾರುತವು ಆಗಸ್ಟ್ 25ರ ರಾತ್ರಿ ಟೆಕ್ಸಾಸ್ ಕರಾವಳಿಯನ್ನು ಹೊಕ್ಕಿತು. ಇಂಥ ಬಿರುಗಾಳಿ ನೆಲವನ್ನು ಮುಟ್ಟಿದ ಮೇಲೆ ಸಾಮಾನ್ಯವಾಗಿ ಮುಂದೆ ಸಾಗಿ ಸೊರಗುವುದು. ಇದಾದರೋ ಮುಂದಕ್ಕೆ ತಳ್ಳುವ ಮೇಲ್ಗಾಳಿಯ ಬಲವಿಲ್ಲದೆ ಅಲ್ಲಲ್ಲಿಯೇ ಸುಳಿದಾಡುತ್ತ, ಬೆಚ್ಚನೆಯ ಕಡಲಿನಿಂದ ತೇವವನ್ನು ಹೀರಿ ಸುರಿಸುತ್ತಲೇ ಇದ್ದಿತು. ನೆದರ್ಲೆಂಡ್ ಎಂಬ ಊರಿನಲ್ಲಿ 60 ಅಂಗುಲಕ್ಕೂ ಮಿಕ್ಕಿದ ಮಳೆಯಾಯಿತು. ಆಗುಂಬೆಯ ವರ್ಷದ ಮಳೆಯಲ್ಲಿ ಐದನೆಯ ಒಂದು ಪಾಲು ಒಂದು ವಾರದೊಳಗೆ ಬಿದ್ದಂತಾಯಿತು.

ಆದರೆ ಅಂಗುಲದ ಲೆಕ್ಕವೊಂದೇ ಸಾಲದು. ಆಗುಂಬೆ ಘಟ್ಟದ ನೆತ್ತಿಯ ಮೇಲಿದೆ; ಬಿದ್ದ ನೀರು ಪಡುವಣಕ್ಕೆ ಸೀತಾನದಿಯನ್ನೂ ಮೂಡಣಕ್ಕೆ ಮಾಲತಿಯನ್ನೂ ಸೇರಿ ಹರಿದುಹೋಗುವುದು. ಹ್ಯೂಸ್ಟನ್ ಸಮುದ್ರಮಟ್ಟದಿಂದ ಸುಮಾರು 50 ಅಡಿ ಮಾತ್ರ ಎತ್ತರದ ಬಯಲು. ಅಲ್ಲಿಯದು ನೀರು ಬೇಗ ಇಂಗದ ಜೇಡಿನೆಲ. ಅದರ ಮೇಲೆ ರಸ್ತೆ ಕಟ್ಟಡಗಳ ಹೊದಿಕೆ. ಹಳ್ಳಗಳೂ ಮೆಲ್ಲನೆ ಹರಿಯುವಂಥವು.

1929 ಮತ್ತು 1935ರ ಪ್ರವಾಹಗಳ ತರುವಾಯ, ನಗರದ ರಕ್ಷಣೆಗೆಂದು ಅಡಿಕ್ಸ್, ಬಾರ್ಕರ್ ಎಂಬ ಎರಡು ಕಟ್ಟೆಗಳನ್ನು ಸೈನ್ಯದ ಎಂಜಿನಿಯರುಗಳು ಕಟ್ಟಿದ್ದರು. ಮಳೆಯಿಲ್ಲದಾಗ ಅವುಗಳ ಒಡಲು ಒಣನೆಲವೇ. ಮುಂದೆ ನಗರ ಬೆಳೆದು, ನೀರು ತುಂಬಿದರೆ ಮುಳುಗತಕ್ಕ ಅಂಚಿನಲ್ಲಿಯೂ ಮನೆಗಳೆದ್ದುವು. ಹಾರ್ವೆಯ ಮಳೆಗೆ ಆ ಮನೆಗಳು ಮುಳುಗಿದುವು. ಆಗಸ್ಟ್ 28ರಂದು ತೂಬುಗಳನ್ನು ತೆರೆಯಲು ಕೆಳಗಿನ ದಂಡೆಯ ಮನೆಗಳಿಗೂ ನೀರು ನುಗ್ಗಿತು.

ಹಲವರ ಹಿತಕ್ಕಾಗಿ ಕಟ್ಟಿದ ಕಟ್ಟೆಯ ನೀರು ಕೆಲವರ ಮನೆಯನ್ನು ನುಂಗಿದ ಕಥೆಯನ್ನು ಸಾಗರ ಹೊಸನಗರಗಳವರಿಗೆ ಬಿಡಿಸಿ ಹೇಳಬೇಕಾದುದಿಲ್ಲ. 1964ರಲ್ಲಿ ಲಿಂಗನಮಕ್ಕಿಯ ಕಟ್ಟೆ ಪೂರ್ತಿಯಾಗಿ ನಾಡಿಗೆ ದೀಪ ಬಂದಿತು. ಶರಾವತಿಯ ಹಿನ್ನೀರಿನಡಿ ಗದ್ದೆ ತೋಟ ಮನೆಗಳು ಹೋದುವು. ಒಂದು ವ್ಯತ್ಯಾಸವುಂಟು: ಇಲ್ಲಿಯವರಿಗೆ ಮುಂಚೆ ತಿಳಿದಿದ್ದಿತು, ಮರಳುವ ಆಸೆಯಿರಲಿಲ್ಲ; ಅಲ್ಲಿಯವರಿಗೆ ಮುಂಚೆ ತಿಳಿದಿರಲಿಲ್ಲ, ಆದರೆ ಮರಳುವುದು ಸಾಧ್ಯವಿದ್ದಿತು.

ಇನ್ನು ಎರಡನೆಯ ಪ್ರಶ್ನೆ. ಕೂಡಲೆ ಹೊರಡುವುದು ಪ್ರೀತಿಯ ಲಕ್ಷಣವೇ ಸರಿ, ವಿವೇಕದ ಲಕ್ಷಣವಲ್ಲ. ಆ ನಗರದ ವಿಮಾನ ನಿಲ್ದಾಣಗಳು ಆಗಸ್ಟ್ 27ರಂದು ಮುಚ್ಚಿ, 30ರಂದು ಅಲ್ಪಸ್ವಲ್ಪ ತೆರೆದುವು. ಹೇಗೋ ತಲಪಿದರೂ, ಮಲಗಲು ತಾವಿಲ್ಲದ ಮನೆಗೆ ಬಂದ ನೆಂಟನು ಇನ್ನೊಂದು ಭಾರವಾಗುವನು. ಅಲ್ಲಿಯ ಗೋಡೆಗಳು ನಮ್ಮ ಜಂಬಿಟ್ಟಿಗೆಯವಲ್ಲ. ಮರದ ಚೌಕಟ್ಟಿಗೆ ಜಿಪ್ಸಮ್ ಹಲಗೆ ಹೊಡೆದವು. ಹಲಗೆ ನೀರು ಕುಡಿದರೆ ಒಂದೆರಡು ದಿನಗಳಲ್ಲಿ ಬೂಷ್ಟು ಹಿಡಿಯುವುದು. ಕಿತ್ತು ಬೀದಿಗೆ ಹಾಕಿ ಚೌಕಟ್ಟನ್ನು ಒಣಗಿಸಬೇಕು. ಆ ಬೂಷ್ಟು ಉಬ್ಬಸದವರಿಗೆ ಕೇಡು. ಪ್ರವಾಹದ ವಿಮೆ ಅಲ್ಲಿ ಸಾಮಾನ್ಯ ಮನೆವಿಮೆಯಿಂದ ಬೇರೆ. ಅದಿದ್ದವರು ಹಾಳಾದುದನ್ನು ಎಸೆಯುವ ಮುನ್ನ ಛಾಯಾಚಿತ್ರ ತೆಗೆದಿಡಬೇಕು. ಈ ಗಡಿಬಿಡಿಯಲ್ಲಿರುವವರಿಗೆ ದಿನಕ್ಕೊಮ್ಮೆ ದೂರವಾಣಿಯಲ್ಲಿ ಎರಡು ಮಾತು ಸಾಕು.

ನೆರೆ ಇಳಿದುದರಿಂದ ಕಷ್ಟ ಇಳಿಯಲಿಲ್ಲ. ಮನೆ ಮೊದಲಿನಂತಾಗಲು ತಿಂಗಳುಗಳೇ ಬೇಕು. ಮೊದಲ ವಾರ ನೆರವಿಗೆ ಓಡಿಬಂದವರು ತಮ್ಮ ಕೆಲಸಗಳಿಗೆ ಹಿಂದಿರುಗಿದ ಮೇಲೆಯೇ ಸಂಸಾರದ ದಣಿವು ತಲೆಯೆತ್ತುವುದು. ಹಿರಿಯರು ಹೋಗತಕ್ಕುದು ಆಗ, ಬರಲೇ ಎಂದು ಮೊದಲು ಕೇಳಿಕೊಂಡು.

ನಾಟಿಯ ಕಾಲದಲ್ಲಿ ಒಬ್ಬರ ಗದ್ದೆಗೆ ಇನ್ನೊಬ್ಬರು ಮುಯ್ಯಾಳಾಗಿ ಹೋಗುವ ಪದ್ಧತಿ ನಮ್ಮಲ್ಲಿ ಹಳೆಯದು. ಮುಯ್ಯಾಳು ಉಪಚಾರವನ್ನು ಎದುರುನೋಡುವುದಿಲ್ಲ. ಬಂದವನು ಗದ್ದೆಗೆ ಇಳಿಯುವನು. ಹೋಗುವ ಅಜ್ಜ ಅಜ್ಜಿಯರೂ ಹಾಗೆಯೇ ಹೋಗಬೇಕು. ಹೊತ್ತಿಗೆ ಸರಿಯಾಗಿ ಅನ್ನ ಸಾರು ಮಾಡಿಡುವುದು, ಶಾಲೆಯಿಂದ ಬಂದ ಮಕ್ಕಳ ಬಳಿ ಕೂಡುವುದು, ಇವೇ ದೊಡ್ಡ ಕೆಲಸ. ‘ಸಾಮಾನು ತಾನೆ, ಹೋದರೆ ಹೋಯಿತು’ ಎಂಬ ಮಾತನ್ನು ಮಾತ್ರ ಆಡಬಾರದು. ಹಿನ್ನೀರಿನಲ್ಲಿ ಮನೆ ಕಳೆದುಕೊಂಡ ನಮ್ಮ ಹಿರಿಯರು ಅರ್ಧ ಶತಮಾನ ಕಳೆದರೂ ಬೇಸಗೆಯಲ್ಲಿ ನೀರು ತಗ್ಗಿದಾಗ ತಮ್ಮ ಅಂಗಳವಿದ್ದ ಕಡೆಗೆ ಕೈತೋರಿಸುವರು. ಹೋದುದೇನೆಂಬುದನ್ನು ಬಲ್ಲವರು ಸುಮ್ಮನೆ ಪಕ್ಕದಲ್ಲಿ ಕುಳಿತರೂ ಸಾಕು.